ಶ್ರದ್ಧೆಯ ಮನೆಯೊಳಗೆ ಜಿಜ್ಞಾಸೆಯ ದೀಪ

“ತಾನು ನಂಬಿದ ಗ್ರಂಥವನ್ನೇ ಪ್ರಶ್ನಿಸಿದವನು ಮತ್ತೆ ಅದನ್ನು ನಂಬಬಲ್ಲನೆ, ಸಾರ್?” ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ಹೀಗೆ ಕೇಳಿದಾಗ ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಮನೆಯ ದಾರಿಯಲ್ಲಿ ನೆನಪಾದವರು ಅಮೆರಿಕದ ಮಾರ್ಮನ್ ಪಂಥದ ವಿದ್ವಾಂಸರೂ ಧರ್ಮನಾಯಕರೂ ಆಗಿದ್ದ ಬ್ರಿಗಮ್ ಹೆನ್ರಿ ರಾಬರ್ಟ್ಸರು.

ಅವರು ಹುಟ್ಟಿದ್ದು 1857ರಲ್ಲಿ, ಇಂಗ್ಲೆಂಡಿನ ವಾರಿಂಗ್ಟನ್ನಿನ ಒಂದು ಬಡ ಮನೆಯಲ್ಲಿ. ತಾಯಿ ಮೊದಲೇ ಯೂಟಾ ಪ್ರಾಂತಕ್ಕೆ ಹೋಗಿ ನೆಲಸಿದ್ದಳು. 1866ರಲ್ಲಿ ಒಂಬತ್ತರ ಹುಡುಗನು ಅಕ್ಕನೊಡನೆ ಕಡಲು ದಾಟಿದನು. ಬಂಡಿಗಳ ಸಾಲಿನ ಜೊತೆಯಲ್ಲಿ ವಿಶಾಲವಾದ ಬಯಲನ್ನು, ಬಹುಮಟ್ಟಿಗೆ ಬರಿಗಾಲಿನಲ್ಲಿ, ನಡೆದು ತಾಯಿಯನ್ನು ಸೇರಿದನು. ಆಗ ಅವನಿಗೆ ಓದು ಬಾರದು. ಕಮ್ಮಾರನ ಕೈಕೆಳಗೆ ಕೆಲಸ ಕಲಿತ ಆ ಹುಡುಗನೇ 1878ರಲ್ಲಿ ಡೆಸರೆಟ್ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಮುಗಿಸಿ, 1888ರಲ್ಲಿ ‘ಎಪ್ಪತ್ತರವರು’ ಎಂಬ ಧರ್ಮವರ್ಗದ ಅಧ್ಯಕ್ಷಮಂಡಲಿಯಲ್ಲಿ ಸ್ಥಾನ ಪಡೆದನು. 1898ರಲ್ಲಿ ಜನ ಆರಿಸಿ ಕಳಿಸಿದರೂ, ಬಹುಪತ್ನೀತ್ವದ ಕಾರಣದಿಂದ 1900ರಲ್ಲಿ ಅಮೆರಿಕದ ಪ್ರತಿನಿಧಿಸಭೆ ಅವರಿಗೆ ಪೀಠವನ್ನು ನಿರಾಕರಿಸಿತು.

ಪಂಥದ ಶತಮಾನೋತ್ಸವದ ವರ್ಷವಾದ 1930ರಲ್ಲಿ ಹೊರಬಂದ ಆರು ಸಂಪುಟಗಳ ಇತಿಹಾಸ ಅವರ ಕೀರ್ತಿಗೆ ಮುಖ್ಯ ಆಧಾರ. ಆದರೆ ನನ್ನ ಮನಸ್ಸನ್ನು ಸೆಳೆಯುವುದು ಅವರು ಬದುಕಿರುವಾಗ ಅಚ್ಚಾಗದ ಬರಹಗಳು.

ಜೋಸೆಫ್ ಸ್ಮಿತ್ತನು 1830ರಲ್ಲಿ ಪ್ರಕಟಿಸಿದ ‘ಮಾರ್ಮನ್ ಗ್ರಂಥ’ ಈ ಪಂಥಕ್ಕೆ ಪವಿತ್ರವಾದುದು. ಪುರಾತನ ಅಮೆರಿಕದ ಜನಾಂಗಗಳ ಕಥೆ ಅದರಲ್ಲಿದೆ. ಆ ನಾಡಿನ ಮೂಲನಿವಾಸಿಗಳಲ್ಲಿ ಅಷ್ಟೊಂದು ಭಾಷೆಗಳು ಬೆಳೆದದ್ದು ಹೇಗೆ? ಐರೋಪ್ಯರು ಬರುವ ಮುನ್ನ ಅಲ್ಲಿ ಕುದುರೆ, ಉಕ್ಕು ಇದ್ದುವೆ? ಇಂಥ ಪ್ರಶ್ನೆಗಳು ಬಂದಾಗ ಉತ್ತರ ಹುಡುಕುವ ಕೆಲಸ ರಾಬರ್ಟ್ಸರ ಪಾಲಿಗೆ ಬಿತ್ತು. ಅವರು ಹಾರಿಕೆಯ ಮಾತಾಡಲಿಲ್ಲ. ತೊಡಕುಗಳನ್ನೆಲ್ಲ ಬರೆದು 1922ರ ಜನವರಿಯಲ್ಲಿ ಹಿರಿಯರ ಮುಂದಿಟ್ಟರು. ಆಮೇಲೆ, 1823ರಲ್ಲಿ ಈಥನ್ ಸ್ಮಿತ್ ಎಂಬ ಪಾದ್ರಿ ಪ್ರಕಟಿಸಿದ್ದ ಪುಸ್ತಕಕ್ಕೂ ತಮ್ಮ ಪವಿತ್ರಗ್ರಂಥಕ್ಕೂ ಇರುವ ಹೋಲಿಕೆಗಳನ್ನು ಒಂದೊಂದಾಗಿ ಎಣಿಸಿದರು. ಎದುರಾಳಿ ಮಾಡಬೇಕಾದ ಕೆಲಸವನ್ನು ಭಕ್ತನೇ ಮಾಡಿದಂತಾಯಿತು. ಈ ಬರಹಗಳು ಅಚ್ಚು ಕಂಡದ್ದು 1985ರಲ್ಲಿ.

ತಮ್ಮ ಸರ್ವಸ್ವವೆಂದು ಅವರು ಭಾವಿಸಿದ ‘ಸತ್ಯ, ಮಾರ್ಗ, ಜೀವ’ ಎಂಬ ದೊಡ್ಡ ಕೃತಿಯ ಪಾಡೂ ಇದೇ. ಆದಮನಿಗೂ ಮೊದಲೇ ಭೂಮಿಯಲ್ಲಿ ಮನುಷ್ಯರಿದ್ದಿರಬೇಕೆಂಬ ವಿಚಾರವನ್ನು ಕೆಲವು ಹಿರಿಯರು ಒಪ್ಪಲಿಲ್ಲ. 1931ರಲ್ಲಿ, ಈ ಚರ್ಚೆ ಇಲ್ಲಿಗೆ ನಿಲ್ಲಲೆಂದು ಅಧ್ಯಕ್ಷರು ತೀರ್ಮಾನಿಸಿದರು. ಆ ಭಾಗವನ್ನು ತೆಗೆದಿದ್ದರೆ ಪುಸ್ತಕ ಹೊರಬರುತ್ತಿತ್ತೇನೋ, ರಾಬರ್ಟ್ಸರು ತೆಗೆಯಲಿಲ್ಲ. ಪಂಥವನ್ನು ಬಿಡಲೂ ಇಲ್ಲ. 1933ರಲ್ಲಿ ಅವರು ತೀರಿಕೊಂಡಾಗ ಹಸ್ತಪ್ರತಿ ಹಾಗೆಯೇ ಉಳಿದಿತ್ತು. 1994ರಲ್ಲಿ ಬೆಳಕು ಕಂಡಿತು.

ಕೊನೆಯಲ್ಲಿ ಅವರ ನಂಬಿಕೆ ಅಲುಗಿತ್ತೆ, ಇಲ್ಲವೆ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಬಹಿರಂಗವಾಗಿ ಅವರು ತಮ್ಮ ಶ್ರದ್ಧೆಯನ್ನು ಕಡೆಯವರೆಗೂ ಸಾರಿದರೆಂಬುದು ದಿಟ. ಅವರ ಮತ ನನ್ನದಲ್ಲ. ಆದರೂ ಪ್ರಶ್ನೆಯನ್ನು ಮರೆಮಾಡದ, ಮನೆಯನ್ನೂ ತೊರೆಯದ ಆ ಮನೋಧರ್ಮಕ್ಕೆ ನಾನು ತಲೆಬಾಗುತ್ತೇನೆ.

ಮರುದಿನ ಆ ವಿದ್ಯಾರ್ಥಿಗೆ ನಾನು ಉತ್ತರ ಹೇಳಲಿಲ್ಲ. ಈ ಕಥೆಯನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕೇಳಬಹುದು, ಸಾರ್” ಎಂದನು.