ಸಾವು ಗೊತ್ತಿದ್ದೂ ಕಾಯಿಸುವ ಪ್ರೇಮಕಥೆ

ಟ್ರಾಯ್ ಯುದ್ಧದ ಕಥೆ ಬಲ್ಲವರಿಗೆ ಅಕಿಲೀಸನ ಅಂತ್ಯ ಗೊತ್ತು. ಅವನ ಜೀವದ ಗೆಳೆಯ ಪ್ಯಾಟ್ರೊಕ್ಲಸ್ ಅವನಿಗಿಂತ ಮೊದಲೇ ಸಾಯುತ್ತಾನೆ ಎಂಬುದೂ ಗೊತ್ತು. ಕೊನೆ ತಿಳಿದಿರುವ ಈ ಕಥೆಯಲ್ಲೇ ಅಮೆರಿಕದ ಲೇಖಕಿ ಮ್ಯಾಡಲಿನ್ ಮಿಲ್ಲರ್ ಇಬ್ಬರು ಯುವಕರ ಒಲವನ್ನು ನಿಧಾನವಾಗಿ ಅರಳಿಸಿದರು. ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದ ಅವರು ಹತ್ತು ವರ್ಷ ಬರೆದ ಮೊದಲ ಕಾದಂಬರಿ ‘ದ ಸಾಂಗ್ ಆಫ್ ಅಕಿಲೀಸ್’. 2011ರಲ್ಲಿ ಪ್ರಕಟವಾದ ಅದಕ್ಕೆ 2012ರ ಆರೆಂಜ್ ಪ್ರಶಸ್ತಿ ಸಂದಿತು.

ಕಥೆ ಹೇಳುವವನು ಪ್ಯಾಟ್ರೊಕ್ಲಸ್. ದಾಳಕ್ಕಾಗಿ ನಡೆದ ಜಗಳದಲ್ಲಿ ಹುಡುಗನೊಬ್ಬ ಸತ್ತು, ಇವನು ಗಡೀಪಾರಾಗಿ ಅಕಿಲೀಸನ ತಂದೆ ಪೀಲಿಯಸ್ಸನ ಅರಮನೆ ಸೇರುತ್ತಾನೆ. ಅಲ್ಲಿ ಯಾರೊಂದಿಗೂ ಮಾತಿಲ್ಲ. ಒಂದು ದಿನ ಊಟದ ಹಜಾರದಲ್ಲಿ ಅಕಿಲೀಸ್ ಅಂಜೂರದ ಹಣ್ಣುಗಳನ್ನು ಮೇಲಕ್ಕೆ ಚಿಮ್ಮಿ ಹಿಡಿಯುತ್ತಾ ಆಡುತ್ತಿರುತ್ತಾನೆ. ಇದ್ದಕ್ಕಿದ್ದಂತೆ ಒಂದು ಹಣ್ಣು ಇವನತ್ತ ಬರುತ್ತದೆ. ಇವನು ಹಿಡಿಯುತ್ತಾನೆ. ಸ್ನೇಹಕ್ಕೆ ಅಷ್ಟು ಸಾಕಾಗುತ್ತದೆ.

ಮುಂದೆ ಒಂದೇ ಕೋಣೆಯ ವಾಸ, ಲೈರ್ ವಾದ್ಯದ ಪಾಠ, ಪೀಲಿಯನ್ ಬೆಟ್ಟದಲ್ಲಿ ಅರ್ಧ ಕುದುರೆ, ಅರ್ಧ ಮನುಷ್ಯನಾದ ಗುರು ಕೈರಾನ್ ಬಳಿ ಶಿಕ್ಷಣ. ವರ್ಷಗಳು ಉರುಳುತ್ತವೆ. ಹುಡುಗರು ತಮ್ಮ ಮನಸ್ಸನ್ನು ಒಪ್ಪಿಕೊಳ್ಳುವ ಮೊದಲೇ ಓದುಗರಿಗೆ ಎಲ್ಲ ತಿಳಿದಿರುತ್ತದೆ.

ಈ ಒಲವು ಮಿಲ್ಲರ್ ಕಲ್ಪನೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. ಹೋಮರನ ‘ಇಲಿಯಡ್’ ಇವರನ್ನು ಪ್ರೇಮಿಗಳೆಂದು ಬಾಯಿಬಿಟ್ಟು ಹೇಳುವುದಿಲ್ಲ, ನಿಜ. ಆದರೆ 18ನೇ ಸರ್ಗದಲ್ಲಿ ಪ್ಯಾಟ್ರೊಕ್ಲಸನ ಸಾವಿನ ಸುದ್ದಿ ಕೇಳಿದ ಅಕಿಲೀಸ್ ಎರಡೂ ಕೈಯಲ್ಲಿ ಬೂದಿ ಬಾಚಿ ತಲೆಗೆ ಸುರಿದುಕೊಳ್ಳುತ್ತಾನೆ, ನೆಲಕ್ಕೆ ಬಿದ್ದು ಕೂದಲು ಕಿತ್ತುಕೊಳ್ಳುತ್ತಾನೆ. ಎಲ್ಲಿ ಕತ್ತು ಕೊಯ್ದುಕೊಂಡುಬಿಡುತ್ತಾನೋ ಎಂಬ ಭಯದಿಂದ, ಸುದ್ದಿ ತಂದ ಆಂಟಿಲೋಕಸ್ ಅವನ ಕೈ ಹಿಡಿದು ಕೂರುತ್ತಾನೆ. 23ನೇ ಸರ್ಗದಲ್ಲಿ ಪ್ಯಾಟ್ರೊಕ್ಲಸನ ಪ್ರೇತ ಬಂದು, ಇಬ್ಬರ ಅಸ್ಥಿಯೂ ಒಂದೇ ಪಾತ್ರೆಯಲ್ಲಿರಲಿ ಎಂದು ಬೇಡುತ್ತದೆ. ಕ್ರಿ.ಪೂ. 5ನೇ ಶತಮಾನದ ನಾಟಕಕಾರ ಈಸ್ಕಿಲಸ್ ತನ್ನ ನಾಟಕವೊಂದರಲ್ಲಿ ಇವರನ್ನು ಪ್ರೇಮಿಗಳಾಗಿಯೇ ಚಿತ್ರಿಸಿದ. ಆ ನಾಟಕದ ತುಣುಕುಗಳಷ್ಟೇ ಉಳಿದಿವೆ. ಪ್ಲೇಟೋನ ‘ಸಿಂಪೋಸಿಯಂ’ ಕೂಡ ಈ ಪ್ರೇಮವನ್ನು ಕೊಂಡಾಡುತ್ತದೆ.

ನಿಧಾನವೇ ಈ ಕಾದಂಬರಿಯ ಬಲ. ಮೊದಲ ಅಧ್ಯಾಯದಲ್ಲೇ ಇಬ್ಬರನ್ನೂ ಪ್ರೇಮಿಗಳಾಗಿಸಿದ್ದರೆ, ಪ್ಯಾಟ್ರೊಕ್ಲಸನ ಸಾವು ಪುರಾಣದ ಇನ್ನೊಂದು ಘಟನೆಯಾಗಿ ಮುಗಿದುಹೋಗುತ್ತಿತ್ತು. ಅವರು ಒಟ್ಟಿಗೆ ಬೆಳೆದ ವರ್ಷಗಳನ್ನು ಕಂಡ ನಮಗೆ ಅದು ಮನೆಯವರ ಸಾವಿನಂತೆ ತಟ್ಟುತ್ತದೆ. ಗಂಡಸರಿಬ್ಬರ ಪ್ರೀತಿ ಈಚಿನ ಕಾಲದ ಕಲ್ಪನೆ ಎಂದು ಭಾವಿಸಿರುವವರೂ ಇದನ್ನು ಓದಲಿ. ಓದಿದ ಮೇಲೆ ‘ಇಲಿಯಡ್’ನ 18ನೇ ಸರ್ಗವನ್ನೂ ತೆರೆಯಲಿ.