ಅಟ್ಟದಿಂದಿಳಿದ ಆಟದ ಯಂತ್ರ

ಅಟ್ಟವೆಂಬುದು ನಮ್ಮ ಮನೆಗಳಲ್ಲಿ ಅರ್ಧ ಉಗ್ರಾಣ, ಅರ್ಧ ವಸ್ತುಸಂಗ್ರಹಾಲಯ. ಹಿಡಿ ಮುರಿದ ಕೊಡೆ, ಹಳೆಯ ಪಂಚಾಂಗಗಳ ಕಟ್ಟು, ಯಾರದೋ ಮದುವೆಯ ಉಡುಗೊರೆಯಾಗಿ ಬಂದು ಒಂದು ದಿನವೂ ಸರಿಯಾಗಿ ನಡೆಯದ ಗೋಡೆಗಡಿಯಾರ, ಹೀಗೆ ಎಸೆಯಲು ಮನಸ್ಸು ಬಾರದ, ಬಳಸಲು ದಾರಿ ತೋರದ ಸಾಮಾನುಗಳೆಲ್ಲ ಅಲ್ಲಿ ಆಶ್ರಯ ಪಡೆದಿರುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿ ಮಹಾನವಮಿಗೆಂದು ಸುಣ್ಣಬಣ್ಣ ಬಳಿಯುವಾಗ ಇವುಗಳ ನಡುವಿನಿಂದ ಮತ್ತೊಂದು ವಸ್ತುವೂ ಕೆಲವೊಮ್ಮೆ ಕೆಳಗಿಳಿಯುವುದುಂಟು. ಬೂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಡಬ್ಬ, ಗಂಟು ಬಿದ್ದ ತಂತಿಗಳ ತುದಿಯಲ್ಲಿ ಗುಂಡಿಗಳುಳ್ಳ ಎರಡು ಹಿಡಿಗಳು, ಹಳದಿ ಬಣ್ಣದ ಒಂದೆರಡು ಕ್ಯಾಸೆಟ್ಟುಗಳು. ಒಂದು ಕಾಲದಲ್ಲಿ ಇಡೀ ಬೀದಿಯ ಮಕ್ಕಳನ್ನು ಒಂದೇ ನಡುಮನೆಯಲ್ಲಿ ಕೂಡಿಹಾಕಿದ್ದ ‘ಟೀವಿ ಗೇಮ್’ ಇದೇ.

ಇದು ಕೆಳಗಿಳಿದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಗುಜರಿಯವನಿಗೆ ಹಾಕಿ ಜಾಗ ಖಾಲಿ ಮಾಡಬೇಕೆಂಬುದು ಒಂದು ಪಕ್ಷ. ಇಪ್ಪತ್ತೈದು ವರ್ಷಗಳ ಹಿಂದೆ ಇದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮರೆತವನು, ಈಗ ಕಿವಿಯ ಬಳಿ ನರೆ ಕಾಣಿಸಿಕೊಂಡ ಗೃಹಸ್ಥ, ಇನ್ನೊಂದು ಪಕ್ಷ. “ಇದು ಇನ್ನೂ ನಡೆದೀತೆ?” ಎಂಬುದು ಅವನ ಪ್ರಶ್ನೆ. ನಡೆದೀತು. ಅಷ್ಟೇ ಅಲ್ಲ, ಅಂಚೆಚೀಟಿಯಷ್ಟಗಲದ ಮೆಮೊರಿ ಕಾರ್ಡೊಂದನ್ನು ಇದರ ಸಹವಾಸಕ್ಕೆ ತಂದರೆ, ಅಂದು ಕನಸಿನಲ್ಲಿಯೂ ಕಾಣದಷ್ಟು ಆಟಗಳನ್ನು ಇದೇ ಮುದಿ ಯಂತ್ರ ಆಡಿಸೀತು.

ಇದರ ಕುಲಗೋತ್ರಗಳನ್ನು ವಿಚಾರಿಸುತ್ತ ಹೊರಟರೆ ಜಪಾನಿನ ಕ್ಯೋಟೋ ನಗರವನ್ನು ಮುಟ್ಟಬೇಕಾಗುತ್ತದೆ. ಅಲ್ಲಿನ ನಿಂಟೆಂಡೊ ಸಂಸ್ಥೆ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಹುಟ್ಟಿಕೊಂಡದ್ದು. ಅದೇ ಸಂಸ್ಥೆ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ನಿರ್ಮಾಪಕರಲ್ಲಿ ಅಗ್ರಗಣ್ಯರಾದ ಮಸಾಯುಕಿ ಉಎಮುರಾ 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಪೇಟೆಗಳಿಗೆ ಬಂದದ್ದು ಬಹುಪಾಲು ಅದರ ಅನುಕರಣಗಳು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಪ್ರಾರಂಭವಾಗಿ, ಮುಂದಿನ ಹತ್ತು ವರ್ಷಗಳಲ್ಲಿ ಟೀವಿ ಜಿಲ್ಲಾ ಕೇಂದ್ರಗಳ ನಡುಮನೆಗಳನ್ನು ಹೊಕ್ಕಮೇಲೆ, ತೊಂಬತ್ತರ ದಶಕದಲ್ಲಿ ‘ಮೀಡಿಯಾ’, ‘ಸಮುರಾಯ್’, ‘ಲಿಟ್ಲ್ ಮಾಸ್ಟರ್’ ಮುಂತಾದ ಹೆಸರುಗಳನ್ನು ಹೊತ್ತ ಡಬ್ಬಗಳು ಅದರ ಪಕ್ಕದಲ್ಲಿ ಬಂದು ಕುಳಿತವು. ಮಂಡ್ಯ, ಮದ್ದೂರಿನವರಿಗೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಾಗಲಿ ಎಸ್. ಪಿ. ರಸ್ತೆಯಾಗಲಿ ರೈಲಿನಲ್ಲಿ ಕುಳಿತರೆ ಕೆಲವು ಗಂಟೆಗಳ ದಾರಿ. ರೈಲಿಲ್ಲದ ಮಳವಳ್ಳಿಯವರು ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬರಬೇಕು. ಅಷ್ಟು ಹಣ ಹೊಂದಿಸಲಾರದ ಮನೆಯ ಮಕ್ಕಳಿಗೆ ಗಂಟೆಯ ಲೆಕ್ಕದಲ್ಲಿ ಆಡಲು ಬಿಡುವ ಅಂಗಡಿಗಳೇ ಗತಿ. ಬೇಸಗೆಯ ರಜೆಯಲ್ಲಿ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ನಾಣ್ಯಗಳು ಎಲ್ಲಿಗೆ ಹೋದವೆಂಬುದನ್ನು ಈಗಲಾದರೂ ಒಪ್ಪಿಕೊಳ್ಳಬಹುದಾದ ಗಂಡಸರು ಈ ಮೂರೂ ಊರುಗಳಲ್ಲಿ ಬೇಕಾದಷ್ಟು ಮಂದಿ ಇರಬೇಕು.

ಯಂತ್ರದ ಒಳಮರ್ಮ ಕಬ್ಬಿನ ಸೀಮೆಯವರಿಗೆ ಸುಲಭವಾಗಿ ತಿಳಿಯುವಂಥದು. ಆಲೆಮನೆಯ ಗಾಣಕ್ಕೆ ತನ್ನದೆಂಬ ರಸವಿಲ್ಲ. ಯಾವ ಕಬ್ಬು ಕೊಟ್ಟರೆ ಆ ರಸ. ಹಾಗೆಯೇ ಈ ಡಬ್ಬಕ್ಕೂ ತನ್ನದೆಂಬ ಆಟವಿಲ್ಲ. ಅದರ ಸ್ವಂತ ನೆನಪು ಕೇವಲ 2 ಕಿಲೋಬೈಟ್. ಆಟದ ಲೆಕ್ಕಾಚಾರ, ಬೊಂಬೆಗಳ ಚಿತ್ರ, ವಾದ್ಯದ ಸ್ವರ ಎಲ್ಲವೂ ಕ್ಯಾಸೆಟ್ಟಿನೊಳಗಿನ ಚಿಪ್ಪಿನಲ್ಲಿ ಅಚ್ಚಾಗಿರುತ್ತವೆ. ಕ್ಯಾಸೆಟ್ಟಿನ ಅಂಚಿನಲ್ಲಿ ಸಾಲಾಗಿ ಕಾಣುವ 60 ಹಿತ್ತಾಳೆ ಬಣ್ಣದ ಪಟ್ಟಿಗಳ ಮೂಲಕ ಯಂತ್ರ ಅವನ್ನು ನೇರವಾಗಿ ಓದುತ್ತದೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಜಗತ್ತನ್ನು ಮರುಳು ಮಾಡಿದ ಆಟ. ಅದರ ಒಟ್ಟು ಗಾತ್ರ 40 ಕಿಲೋಬೈಟ್: ಬುದ್ಧಿಗೆ 32, ಚಿತ್ರಕ್ಕೆ 8. ಇಂದು ಬೆಳಗಾದರೆ ಬಂಧುಮಿತ್ರರು ಫೋನಿನಲ್ಲಿ ಕಳುಹಿಸುವ ಒಂದು ‘ಶುಭೋದಯ’ದ ಹೂವಿನ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ!

ನಮ್ಮ ಮಕ್ಕಳ ಕೈಗೆ ಬಂದ ಕ್ಯಾಸೆಟ್ಟುಗಳ ಮೇಲೆ ಒಂದೊಂದು ಆಟದ ಹೆಸರಲ್ಲ, 9999 ಆಟಗಳೆಂಬ ಘೋಷಣೆ ಇರುತ್ತಿತ್ತು. ಹಾಕಿ ನೋಡಿದರೆ ನಿಜವಾದ ಆಟಗಳು ಬೆರಳೆಣಿಕೆಯಷ್ಟು. ಉಳಿದವೆಲ್ಲ ಅವೇ ಆಟಗಳ ಎರಡನೆಯ ಹಂತ, ಮೂರನೆಯ ಹಂತ, ಬೇರೆ ಬೇರೆ ಹೆಸರಿನಲ್ಲಿ. ಆದರೂ ಆ ಬೆರಳೆಣಿಕೆಯಲ್ಲಿಯೇ ಟ್ಯಾಂಕುಗಳ ಯುದ್ಧ, ಬಾತುಕೋಳಿ ಬೇಟೆ, ಸರ್ಕಸ್ಸಿನ ಸಿಂಹಸವಾರಿ, ಕಾಂಟ್ರಾ ಇದ್ದವಲ್ಲ! ಕಾಂಟ್ರಾದಲ್ಲಿ ಮೂವತ್ತು ಜೀವಗಳನ್ನು ಕೊಡುವ ಗುಂಡಿಗಳ ಕ್ರಮ, ಮೇಲೆ ಎರಡು, ಕೆಳಗೆ ಎರಡು, ಎಡ, ಬಲ, ಎಡ, ಬಲ, ಗುರುಮುಖದಿಂದ ಬಂದ ಮಂತ್ರದಂತೆ ಶಾಲೆಯಿಂದ ಶಾಲೆಗೆ ಹಬ್ಬಿತ್ತು. ಈ ಮಂತ್ರದ ದ್ರಷ್ಟಾರ ಕೊನಾಮಿ ಸಂಸ್ಥೆಯ ಕಝುಹಿಸಾ ಹಾಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಎಂಬ ಆಟವನ್ನು ಸಿದ್ಧಪಡಿಸುವಾಗ ತನಗೇ ಅದು ಕಠಿಣವೆನಿಸಿ ಈ ಅಡ್ಡದಾರಿಯನ್ನು ಇಟ್ಟುಕೊಂಡವರು ಅವರು.

ಅಟ್ಟದಿಂದ ಇಳಿದ ಯಂತ್ರವನ್ನು ಎಬ್ಬಿಸುವ ಆತುರದಲ್ಲಿ ಮಾಡಬಾರದ ಕೆಲಸಗಳು ಎರಡು. ಮೊದಲನೆಯದು, ಕೈಗೆ ಸಿಕ್ಕಿದ ಅಡಾಪ್ಟರನ್ನು ಚುಚ್ಚುವುದು. ಈ ಡಬ್ಬಗಳು ಸಾಮಾನ್ಯವಾಗಿ 9 ವೋಲ್ಟಿನವು. ಒಳಗಿನ ಒಂದು ಪುಟ್ಟ ಬಿಡಿಭಾಗ ಅದನ್ನು 5 ವೋಲ್ಟಿಗೆ ಇಳಿಸಿಕೊಳ್ಳುತ್ತದೆ. ಧನ ಋಣ ತುದಿಗಳು ಅದಲು ಬದಲಾದರೆ ಅದು ಸುಟ್ಟುಹೋಗುವ ಭಯವಿದೆ. ಹಳೆಯ ರೇಡಿಯೋ, ಟೀವಿ ದುರಸ್ತಿ ಬಲ್ಲವರು ಇದನ್ನು ಕೆಲವು ನಿಮಿಷಗಳಲ್ಲಿ ಪರೀಕ್ಷಿಸಿ ಹೇಳಬಲ್ಲರು. ಆದರೆ ಫೋನ್ ರಿಪೇರಿಯ ಅಂಗಡಿಗಳು ಹೆಚ್ಚಿದಂತೆ ಅಂಥವರು ಕಡಿಮೆಯಾಗುತ್ತಿದ್ದಾರೆ. ಎರಡನೆಯದು, ಕ್ಯಾಸೆಟ್ಟಿನ ಬಾಯಿಗೆ ಊದುವುದು. ಊದಿದರೆ ಆಟ ಬರುತ್ತದೆಂಬ ನಂಬಿಕೆ ಜಪಾನಿನಿಂದ ಅಮೆರಿಕದವರೆಗೆ, ಅಲ್ಲಿಂದ ಮದ್ದೂರಿನವರೆಗೆ ಏಕರೂಪವಾಗಿ ಹಬ್ಬಿದ್ದುದು ಸೋಜಿಗ. ನಿಜದಲ್ಲಿ ಕೆಲಸ ಮಾಡುತ್ತಿದ್ದದ್ದು ಊದುವಿಕೆಯಲ್ಲ, ತೆಗೆದು ಮತ್ತೆ ಹಾಕುವಿಕೆ. ಉಸಿರಿನ ತೇವ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರಸಿದರೆ ಹಳೆಯ ಧೂಳಿನೊಡನೆ, ಎಂದೋ ವಡೆ ತಿಂದ ಕೈಯ ಎಣ್ಣೆಯೂ ಹೊರಟುಹೋಗುತ್ತದೆ.

ಇಷ್ಟಾದಮೇಲೂ ಕ್ಯಾಸೆಟ್ಟೇ ಸತ್ತಿದ್ದರೆ? ಇಲ್ಲಿಯೇ ಹೊಸ ಕಾಲದ ಕೈಚಳಕ ಸಹಾಯಕ್ಕೆ ಬರುವುದು.

ವಿದ್ಯುತ್ತು ಹೋದರೂ ಬರೆದದ್ದನ್ನು ಮರೆಯದ, ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಾದ ‘ಫ್ಲಾಶ್’ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಒಕಾ 1984ರಲ್ಲಿ ಲೋಕದ ಮುಂದಿಟ್ಟರು. ಒಂದೇ ಏಟಿಗೆ ಅಳಿಸಿಹೋಗುವ ಪರಿಯನ್ನು ಕ್ಯಾಮೆರಾದ ಮಿಂಚಿಗೆ ಹೋಲಿಸಿ ಸಹೋದ್ಯೋಗಿಯೊಬ್ಬರು ಸೂಚಿಸಿದ ಹೆಸರದು. 1999ರಲ್ಲಿ ಮೂರು ಸಂಸ್ಥೆಗಳು ಕೂಡಿ ಅದನ್ನು ಎಸ್.ಡಿ. ಕಾರ್ಡಿನ ರೂಪಕ್ಕೆ ತಂದವು. 8 ಗಿಗಾಬೈಟಿನ ಸಾಧಾರಣ ಕಾರ್ಡಿನಲ್ಲಿ ಮಾರಿಯೋ ಆಟದ ಪ್ರತಿಗಳನ್ನು ಒಂದರ ಮೇಲೊಂದು ತುಂಬುತ್ತ ಹೋದರೆ ಸುಮಾರು ಎರಡು ಲಕ್ಷ ಪ್ರತಿಗಳು ಹಿಡಿಸುತ್ತವೆ. 9999ರ ಘೋಷಣೆ ಹೊತ್ತಿದ್ದ ಹಳದಿ ಕ್ಯಾಸೆಟ್ಟು ಈಗ ನಾಚಬೇಕು.

ಆದರೆ 1983ರ ಯಂತ್ರ 1999ರ ಕಾರ್ಡನ್ನು ಓದುವುದು ಹೇಗೆ? ಓದಲಾರದು. ಅದಕ್ಕೆ ಕಾರ್ಡೆಂಬ ವಸ್ತು ಇದೆಯೆಂದೇ ತಿಳಿಯದು. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಹೊರಗಿನಿಂದ ನೋಡಿದರೆ ಇದೂ ಒಂದು ಕ್ಯಾಸೆಟ್ಟೇ, ಅಂಚಿನಲ್ಲಿ ಅವೇ 60 ಪಟ್ಟಿಗಳು. ಬೆನ್ನಿನಲ್ಲಿ ಮಾತ್ರ ಕಾರ್ಡನ್ನು ತೂರಿಸುವ ಸೀಳು. ಮೊದಲು ಟೀವಿಯ ಮೇಲೆ ಆಟಗಳ ಪಟ್ಟಿ ಬರುತ್ತದೆ. ಒಂದನ್ನು ಆರಿಸಿದೊಡನೆ ದುಭಾಷಿ ಆ ಆಟವನ್ನು ಕಾರ್ಡಿನಿಂದ ತನ್ನೊಳಗಿನ ಸ್ಮೃತಿಗೆ ಇಳಿಸಿಕೊಂಡು, ಹಳೆಯ ಕ್ಯಾಸೆಟ್ಟಿನ ವೇಷ ಹಾಕಿ ನಿಲ್ಲುತ್ತದೆ. ವೇಷವೆಂದರೆ ಸಾಮಾನ್ಯ ವೇಷವಲ್ಲ. ಯಂತ್ರದ ಕಣ್ಣಿಗೆ ಒಮ್ಮೆಗೆ ಕಾಣುವುದು 32 ಕಿಲೋಬೈಟಿನ ಒಂದು ಕಿಟಕಿ ಮಾತ್ರ. ಅದಕ್ಕಿಂತ ದೊಡ್ಡ ಆಟಗಳು ಕಿಟಕಿಯ ಹಿಂದೆ ಪುಟ ತಿರುವಲು ಬಗೆಬಗೆಯ ವಿಶೇಷ ಚಿಪ್ಪುಗಳನ್ನು ಇಟ್ಟುಕೊಂಡಿದ್ದವು. ಬೇಕಾದ ಚಿಪ್ಪಿನ ವರ್ತನೆಯನ್ನು ಆ ಕ್ಷಣದಲ್ಲಿ ಅನುಕರಿಸಬಲ್ಲ ಬಹುರೂಪಿ ಚಿಪ್ಪೊಂದು ಈ ಹೊಸ ಕ್ಯಾಸೆಟ್ಟಿನಲ್ಲಿದೆ. ಇಂಥವುಗಳಲ್ಲಿ ಹೆಸರಾದದ್ದು ಉಕ್ರೇನಿನ ಇಗೋರ್ ಗೊಲುಬೊವ್‌ಸ್ಕಿ ರೂಪಿಸಿದ ‘ಎವರ್‌ಡ್ರೈವ್’.

ಬೆಲೆ ಕೇಳಿ ಬೆಚ್ಚಬಾರದು: ಅದು ನೂರು ಡಾಲರಿಗೂ ಮೇಲ್ಪಟ್ಟದ್ದು. ಯಂತ್ರವನ್ನು ಕೊಂಡಾಗ ತೆತ್ತದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಣ ಕಳಿಸುವ ಮುನ್ನ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಈ ಸಾಧನ ಮೂಲ ಜಪಾನೀ ಯಂತ್ರದ ಅಳತೆಗೆ ಹೊಲಿದ ಅಂಗಿ. ನಮ್ಮ ಅಟ್ಟಗಳಲ್ಲಿರುವ ಅನುಕರಣಗಳು ಎಲ್ಲ ಸಂಜ್ಞೆಗಳನ್ನೂ ಮೂಲದಂತೆಯೇ ಕೊಡುತ್ತವೆಂಬ ಭರವಸೆಯಿಲ್ಲ. ಕೆಲವು ಯಂತ್ರಗಳಲ್ಲಿ ಪಟ್ಟಿಯೇ ಮೂಡದು. ಅದೇ ತಳಿಯ ಯಂತ್ರದಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಮೇಲೆ ಕೊಳ್ಳುವುದು ಜಾಣತನ. ಇನ್ನೂ ಒಂದು ವಿಪರ್ಯಾಸವಿದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಹಳೆಯ ಚಿಪ್ಪಿನಲ್ಲಿ ಅಕ್ಷರ ಕಲ್ಲಿನ ಮೇಲಿನ ಶಾಸನದಂತೆ ನಿಂತಿರುತ್ತದೆ. ಫ್ಲಾಶ್ ಕಾರ್ಡು ಬರೆದದ್ದನ್ನು ಹಿಡಿದಿಟ್ಟುಕೊಳ್ಳುವುದು ಸೂಕ್ಷ್ಮವಾದ ವಿದ್ಯುತ್ಕಣಗಳಿಂದ. ಅವು ವರ್ಷಗಳು ಕಳೆದಂತೆ ಸೋರಿಹೋಗುತ್ತವೆ. ಸಾಮಾನ್ಯವಾಗಿ ಹತ್ತು ವರ್ಷಗಳ ಬಾಳಿಕೆಯನ್ನು ಹೇಳುತ್ತಾರೆ. ಉದ್ಧಾರಕ್ಕೆ ಬಂದವನೇ ಅಲ್ಪಾಯು! ಕಾರ್ಡಿನ ಇನ್ನೊಂದು ನಕಲನ್ನು ಬೇರೆಡೆ ಇಟ್ಟಿರಲೇಬೇಕು.

ಆದರೂ ಈ ಹೊಸ ಕ್ಯಾಸೆಟ್ಟಿನಿಂದ ಆಗುವ ಒಂದು ಉಪಕಾರವನ್ನು ತೊಂಬತ್ತರ ದಶಕದ ಮಕ್ಕಳು ಕಣ್ಣಿಗೊತ್ತಿಕೊಳ್ಳುವರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯಿಂದ ವಿದ್ಯುತ್ತನ್ನು ಕಡೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ಖ್ಯಾತಿ ನಮ್ಮದು. ಆ ಖ್ಯಾತಿಯ ನೆರಳಿನಲ್ಲಿಯೇ, ವಿದ್ಯುಚ್ಛಕ್ತಿ ಮಂಡಲಿಯ ಕಾಲದಲ್ಲಿ, ಮಾರಿಯೋ ಕೊನೆಯ ಕೋಟೆಯ ಬಾಗಿಲಿಗೆ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಏನೋ ಸಂಬಂಧವಿರುವಂತೆ ತೋರುತ್ತಿತ್ತು. ಎರಡು ಗಂಟೆಯ ತಪಸ್ಸು ಒಂದು ನಿಮಿಷದಲ್ಲಿ ನೀರಪಾಲು. ಕರೆಂಟು ಬಂದಾಗ ಮತ್ತೆ ಮೊದಲ ಮನೆಯಿಂದ. ಈಗ ಆಟ ಎಲ್ಲಿದೆಯೋ ಅಲ್ಲಿಯೇ ಅದರ ಸ್ಥಿತಿಯನ್ನು ಕಾರ್ಡಿನಲ್ಲಿ ಬರೆದಿಟ್ಟು, ಮಾರನೆಯ ದಿನ ಅಲ್ಲಿಂದಲೇ ಮುಂದುವರಿಸಬಹುದು. ಇದರಿಂದ ಆಟದ ಕೆಚ್ಚು ತಗ್ಗಿತೆಂದು ಗೊಣಗುವ ಸಂಪ್ರದಾಯಸ್ಥರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ.

ಕಾರ್ಡಿಗೆ ಆಟಗಳನ್ನು ತರುವುದು ಎಲ್ಲಿಂದ? ಸಂಸಾರವಂದಿಗರು ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಹಳೆಯ ಆಟವೆಂದ ಮಾತ್ರಕ್ಕೆ ಒಡೆಯನಿಲ್ಲದ ಆಟವಲ್ಲ. ಮಾರಿಯೋ ಇಂದಿಗೂ ನಿಂಟೆಂಡೊ ಸಂಸ್ಥೆಯ ಸ್ವತ್ತು. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದು ಹಾಳಾಗದಂತೆ ರಕ್ಷಣೆಗಾಗಿ ನಕಲು ಮಾಡಿಟ್ಟುಕೊಳ್ಳುವುದನ್ನು ಒಪ್ಪುತ್ತದೆ. ತನ್ನ ಅಸಲಿ ಕ್ಯಾಸೆಟ್ಟಿನಿಂದ ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಾಧನಗಳೂ ಇವೆ. ಆದರೆ ಅಟ್ಟದಲ್ಲಿರುವ ಹಳದಿ ಕ್ಯಾಸೆಟ್ಟು ಹೆಚ್ಚಾಗಿ ತಾನೇ ಕಳ್ಳಪ್ರತಿ! ತಂದೆ ಹಣ ಕೊಟ್ಟೇ ಕೊಂಡಿದ್ದ. ಕಳ್ಳಮಾಲೆಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಕಳ್ಳಪ್ರತಿಯ ನಕಲಿಗೆ ಈ ಕಲಮು ಆಸರೆಯಾದೀತೆಂದು ನೆಚ್ಚುವಂತಿಲ್ಲ.

ನಿಷ್ಕಳಂಕವಾದ ದಾರಿಯೊಂದಿದೆ. ಈ ಯಂತ್ರಕ್ಕಾಗಿ ಇಂದಿಗೂ ಹೊಸ ಆಟಗಳನ್ನು ಬರೆಯುವವರಿದ್ದಾರೆ. ಜರ್ಮನಿಯ ಮಾರ್ಫ್‌ಕ್ಯಾಟ್ ತಂಡ 2019ರಲ್ಲಿ ‘ಮೈಕ್ರೋ ಮೇಜಸ್’ ಎಂಬ ನಾಲ್ವರ ಆಟವನ್ನು ಹಠ ಹಿಡಿದು ಅದೇ 40 ಕಿಲೋಬೈಟಿನಲ್ಲಿ ಅಡಕಗೊಳಿಸಿತು. ಇಂಥವನ್ನು ಹಣ ಕೊಟ್ಟು ಪಡೆದು ಕಾರ್ಡಿನಲ್ಲಿ ತುಂಬಿಕೊಳ್ಳಲು ಅಡ್ಡಿಯಿಲ್ಲ. ನಡುವೆ ಜಾಹೀರಾತಿಲ್ಲ, ಇನ್ನಷ್ಟು ಹಣ ಹಾಕೆಂದು ಪೀಡಿಸುವ ಗುಂಡಿಯಿಲ್ಲ. ಫೋನಿನ ಆಟಗಳಿಂದ ಬೇಸತ್ತ ತಾಯಿತಂದೆಗಳಿಗೆ ಇದೇನೂ ಸಣ್ಣ ಸಮಾಧಾನವಲ್ಲ.

ಅಳಿಗುಳಿಮಣೆಯನ್ನೋ ಚೌಕಾಬಾರವನ್ನೋ ಇದೇ ಯಂತ್ರಕ್ಕೆ ಕನ್ನಡದಲ್ಲಿ ಬರೆಯಬಾರದೇಕೆ? ಮಂಡ್ಯದಲ್ಲಿ 1962ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಬೇಕಾದ ಉಪಕರಣಗಳು ಉಚಿತವಾಗಿ ದೊರೆಯುತ್ತವೆ. ತೊಡಕಿರುವುದು ಲಿಪಿಯಲ್ಲಿ. ಯಂತ್ರ ತೆರೆಯನ್ನು ಉದ್ದಕ್ಕೆ 8, ಅಡ್ಡಕ್ಕೆ 8 ಚುಕ್ಕೆಗಳ ಚೌಕಗಳಿಂದ ಕಟ್ಟುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಚೌಕ ಸಾಕು. ‘ಸ್ತ್ರೀ’ ಎಂಬುದನ್ನು 64 ಚುಕ್ಕೆಗಳಲ್ಲಿ ಬರೆದು ಓದಿಸಬಲ್ಲ ಶಿಲ್ಪಿ ಹುಟ್ಟಿಲ್ಲ. ನಾಲ್ಕು ಚೌಕಗಳನ್ನು ಕೂಡಿಸಬೇಕು. ಹಿನ್ನೆಲೆಗೆ ಒಮ್ಮೆಗೆ ದೊರೆಯುವ ಚೌಕಗಳಾದರೋ 256. ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ತುಂಬಹೊರಟರೆ ಮಣೆಗೂ ಕಾಯಿಗೂ ಜಾಗವುಳಿಯದು. ಆಟಕ್ಕೆ ಬೇಕಾದ ಹತ್ತಾರು ಪದಗಳನ್ನು ಮಾತ್ರ ಆರಿಸಿಕೊಂಡು ಅವುಗಳ ಅಕ್ಷರಗಳನ್ನಷ್ಟೇ ಕೆತ್ತಬೇಕು. ಒತ್ತಕ್ಷರವಿಲ್ಲದ ಪದಗಳೇ ಸಿಕ್ಕಿದರೆ ಇನ್ನೂ ಲೇಸು.

ಕಾರ್ಡು ಬಂದರೂ, ಆಟ ಸಿಕ್ಕರೂ ಕೈಕೊಡುವ ವಸ್ತು ಇನ್ನೊಂದುಂಟು, ಬಾತುಕೋಳಿ ಬೇಟೆಯ ಬಂದೂಕು. ಅದರಿಂದ ಗುಂಡು ಹೊರಡುವುದಿಲ್ಲ. ಅದರ ನಳಿಗೆಯೊಳಗೆ ಬೆಳಕನ್ನು ಗುರುತಿಸುವ ಕಣ್ಣಿದೆ. ಕುದುರೆ ಎಳೆದ ಕ್ಷಣ ತೆರೆಯೆಲ್ಲ ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಒಂದು ಬಿಳಿಯ ಚೌಕ ಮಿನುಗಿ ಮಾಯವಾಗುತ್ತದೆ. ಕಣ್ಣಿಗೆ ಆ ಮಿನುಗು ಬಿದ್ದರೆ ಗುರಿ ತಾಗಿತೆಂದು ಲೆಕ್ಕ. ಹಳೆಯ ಡುಬ್ಬ ಬೆನ್ನಿನ ಟೀವಿಯಲ್ಲಿ ಚಿತ್ರ ಆ ಕ್ಷಣವೇ ಮೂಡುತ್ತಿತ್ತು. ಗೋಡೆಗೆ ತೂಗುಹಾಕಿದ ಚಪ್ಪಟೆ ಟೀವಿ ಚಿತ್ರವನ್ನು ತೋರಿಸುವ ಮುನ್ನ ತುಸು ಯೋಚಿಸುತ್ತದೆ, ಅದರ ಬೆಳಕಿನ ಮಿಡಿತವೂ ಬೇರೆ. ಎದುರಿಗೇ ಹಿಡಿದು ಹೊಡೆದರೂ ಕೋಳಿ ಹಾರಿಹೋಗುತ್ತದೆ, ನಾಯಿ ಹುಲ್ಲಿನಿಂದೆದ್ದು ನಗುತ್ತದೆ. ಈ ಒಂದು ಕಷ್ಟಕ್ಕೆ ಕಾರ್ಡಿನಲ್ಲಿ ಔಷಧವಿಲ್ಲ. ಡುಬ್ಬ ಟೀವಿಯೇ ಬೇಕು. ಅದನ್ನು ಎಷ್ಟೋ ಮನೆಯವರು ಚಪ್ಪಟೆ ಟೀವಿ ಬಂದ ವರ್ಷವೇ, ಭಾರವೆಂದು, ಗುಜರಿಯ ಗಾಡಿಗೆ ಎತ್ತಿಹಾಕಿದ್ದಾರೆ.