ಗೂಡಿನ ರೇಟು, ದಿಲ್ಲಿಯ ಸುಂಕ

“ನಿನ್ನೆಗಿಂತ ರೇಟು ಬಿದ್ದೈತಲ್ಲಣ್ಣ, ಯಾಕಂತೆ?”

“ಚೀನಾ ನೂಲು ಬಂದೈತಂತೆ ಕಣಪ್ಪ.”

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಇಂಥ ಮಾತಿಗೆ ಬರವಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಜಾಗಕ್ಕೆ ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳ ಜೊತೆಗೆ ದೂರದ ಜಿಲ್ಲೆಗಳಿಂದಲೂ ಗೂಡು ಬರುತ್ತದೆ. ರೈತ ಮೂಟೆ ಬಿಚ್ಚಿ ಜಾಲರಿಗೆ ಸುರಿಯುತ್ತಾನೆ, ಲಾಟಿಗೊಂದು ನಂಬರು ಬೀಳುತ್ತದೆ. ಗೂಡಿನಿಂದ ನೂಲು ಬಿಚ್ಚುವ ರೀಲರು ಬಂದು ನಾಲ್ಕು ಗೂಡು ಎತ್ತಿ ಹೆಬ್ಬೆರಳಲ್ಲಿ ಅದುಮುತ್ತಾನೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳು ಟಕಟಕ ಎಂದರೆ ಸರಿ. ಮೆತ್ತಗಿದ್ದರೆ, ಕಲೆಯಿದ್ದರೆ ಮುಂದಿನ ಜಾಲರಿಗೆ ನಡೆದೇಬಿಟ್ಟ. ಆಮೇಲೆ ಮೊಬೈಲಿನಲ್ಲಿ ಬಿಡ್ಡು. ರೇಟು ಒಗ್ಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ.

ಹಕ್ಕೇನೋ ಇದೆ, ಆದರೆ ಪುರುಸೊತ್ತು ಎಲ್ಲಿದೆ? ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ರಾಗಿಯಂತೆ ಕಣಜಕ್ಕೆ ತುಂಬಿಡಲಾಗದು. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಮಾರುವವನಿಗೆ ಅವಸರ, ಕೊಳ್ಳುವವನಿಗೆ ಸಮಾಧಾನ. ಈ ಅಸಮತೋಲನ ನೋಡಿಯೇ 1959ರಲ್ಲಿ ರಾಜ್ಯ ಕಾಯ್ದೆ ತಂದು ಬಿತ್ತನೆ, ಗೂಡು, ನೂಲು ಮೂರರ ವ್ಯಾಪಾರವನ್ನೂ ನಿಯಂತ್ರಣಕ್ಕೆ ತೆಗೆದುಕೊಂಡಿತು. ಎಲ್ಲರ ಕಣ್ಣೆದುರು ತೂಕ, ಎಲ್ಲರಿಗೂ ಗೊತ್ತಾಗುವ ಹರಾಜು. ನನ್ನನ್ನು ಕೇಳಿದರೆ, ಈ ಸೀಮೆಯ ಏಳಿಗೆಗೆ ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಮೊದಲ ಸಾಲಿನದು. 1980ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಶುರುವಾದ ಕರ್ನಾಟಕ ರೇಷ್ಮೆ ಯೋಜನೆ ಹಿಪ್ಪುನೇರಳೆಯನ್ನು ಇನ್ನಷ್ಟು ಹಬ್ಬಿಸಿತು. ಅದೇ ವರ್ಷ ಬಂಗಾಳದ ಕಡೆಯಿಂದ ಹುಳುವನ್ನು ಕೊಲ್ಲುವ ಊಜಿ ನೊಣವೂ ಬಂತೆನ್ನಿ.

ಆದರೆ ಹರಾಜು ಎಷ್ಟೇ ನ್ಯಾಯವಾಗಿ ನಡೆದರೂ ರೇಟಿನ ಬುಡ ಇಲ್ಲಿಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ವಾರಾಣಸಿಯ ನೇಕಾರನಿಗೆ ಅಗ್ಗದ ನೂಲು ಬೇಕಿತ್ತು. ಅವನ ಕಷ್ಟವೂ ಸುಳ್ಳಲ್ಲ. ಇಲ್ಲಿ ಮಾತ್ರ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು, ಹಿಪ್ಪುನೇರಳೆ ಕಿತ್ತವರೂ ಉಂಟು. ಸುಂಕ ಮತ್ತೆ ಏರಿತು, ಇಳಿಯಿತು, 2021ರಲ್ಲಿ ಶೇ 10ರಿಂದ ಶೇ 15ಕ್ಕೆ ಬಂತು. ಮಾರುಕಟ್ಟೆ, ಪ್ರೋತ್ಸಾಹಧನ ರಾಜ್ಯದ್ದು. ಸುಂಕದ ಕೀಲಿ ದಿಲ್ಲಿಯದು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಬಿಡುವ ಹಂತ, ದಾಟಿದ ಹುಳುವಿಗೆ ರಾತ್ರಿಯೆಲ್ಲ ಸೊಪ್ಪು ಹಾಕುವ ಹೆಂಗಸಿಗೆ ಎರಡರಲ್ಲೂ ಮಾತಿಲ್ಲ.

ರೈತನ ಬೆನ್ನಿಗೇ ರೀಲರು ನಿಂತಿದ್ದಾನೆ. ಪಟ್ಟಣದ ನೂಲು ಬಿಚ್ಚುವ ಘಟಕಗಳಲ್ಲಿ ಹೆಚ್ಚಿನವು ಮುಸ್ಲಿಂ ಕುಟುಂಬಗಳವು, ಹಳ್ಳಿಯ ಗೂಡು ಬಹುಪಾಲು ಒಕ್ಕಲಿಗರ ಹೊಲದ್ದು. ಒಬ್ಬರ ಬಾಯ್ಲರ್ ಆರಿದರೆ ಇನ್ನೊಬ್ಬರ ಲಾಟಿಗೆ ಗಿರಾಕಿಯಿಲ್ಲ. ಚುನಾವಣಾ ಭಾಷಣಗಳಲ್ಲಿ ಈ ಲೆಕ್ಕ ಕಾಣುವುದು ಅಪರೂಪ. ಬಿಸಿನೀರಿನ ಬೇಸಿನ್ನಿನಲ್ಲಿ ದಿನವಿಡೀ ಕೈಯಿಟ್ಟು ಎಳೆ ಹಿಡಿಯುವ ಕೂಲಿಯವರ ಬೆರಳು ಬೆಂದು ಬಿಳುಚಿರುತ್ತದೆ. ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿದ್ದನ್ನೂ ಮರೆಯುವಂತಿಲ್ಲ. ಏಳಿಗೆಯ ಲೆಕ್ಕ ಬರೆಯುವಾಗ ಖರ್ಚಿನ ಕಾಲಮ್ಮೂ ಇರಬೇಕಲ್ಲ.

ಸರ್ಕಾರದ ಇಂಥ ಎರಡು ಮುಖ ಪಕ್ಕದ ಚನ್ನಪಟ್ಟಣದಲ್ಲೂ ಕಾಣುತ್ತದೆ, ಅಲ್ಲಿನ ಕಥೆ ಚಿಕ್ಕದು. ಆಲೆಮರದ ಗೊಂಬೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿ ಎರಡು ದಶಕವಾಗುತ್ತ ಬಂತು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೇ ರಸ್ತೆ ಬದಿಯ ಗೊಂಬೆ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಕಾರುಗಳು ಈಗ ಬೈಪಾಸ್‌ನಲ್ಲಿ ಹಾರಿಹೋಗುತ್ತವೆ. ಮಾನ್ಯತೆ ಕೊಟ್ಟದ್ದೂ ಸರ್ಕಾರವೇ, ಗಿರಾಕಿಯನ್ನು ಆಚೆ ದಾಟಿಸಿದ್ದೂ ಸರ್ಕಾರವೇ.

ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರ 2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆ ‘ಬೆಂಗಳೂರು ದಕ್ಷಿಣ’ವಾಯಿತು. ಹೆಸರಿನ ಜಗಳದಲ್ಲಿ ಪಕ್ಷಗಳಿಗೆ ಆಸಕ್ತಿ. ಹಳ್ಳಿಯವರ ಕಿವಿಗೆ ಬಿದ್ದದ್ದು ಬೇರೆ: ಬೆಂಗಳೂರು ಎಂದ ಮೇಲೆ ಎಕರೆಗೆ ಎಷ್ಟು? ಬಿಡದಿಯ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ 7,000 ಎಕರೆಗೂ ಮಿಕ್ಕ ಜಮೀನನ್ನು ಸರ್ಕಾರ ಉಪನಗರಕ್ಕೆ ಗುರುತಿಸಿದ ಮೇಲೆ ಅಲ್ಲಿನ ರೈತರು ಧರಣಿ ಕೂತರು. ಕೊಡಲು ಒಪ್ಪಿದವರೂ ಇದ್ದಾರೆ; ಮಗ ಹುಳು ಸಾಕಲಾರೆ ಎಂದ ಮನೆಯಲ್ಲಿ ಅಪ್ಪನಿಗೆ ಬೇರೆ ದಾರಿ ಏನಿದೆ?

ಪರಿಹಾರದ ಚೆಕ್ಕು ಪಹಣಿಯಲ್ಲಿ ಹೆಸರಿದ್ದವನಿಗೆ ಹೋಗುತ್ತದೆ. ಆ ಹೊಲದ ಸೊಪ್ಪು ಕೊಯ್ಯುತ್ತಿದ್ದವಳು, ಗೂಡು ಸಾಗಿಸುತ್ತಿದ್ದ ಟೆಂಪೊದವನು, ಪಟ್ಟಣದ ಬೇಸಿನ್ನಿನ ಮುಂದೆ ಕೂತವಳು ಯಾವ ಪಹಣಿಯಲ್ಲೂ ಇಲ್ಲ. ಚನ್ನಪಟ್ಟಣ ತಾಲ್ಲೂಕಿನ ವಂದಾರಗುಪ್ಪೆಯಲ್ಲಿ ಹೈಟೆಕ್ ಗೂಡು ಮಾರುಕಟ್ಟೆಯ ಯೋಜನೆ ಹಾಕಿದ ಅದೇ ಸರ್ಕಾರ, ಆ ಮಾರುಕಟ್ಟೆಗೆ ನಾಳೆ ಗೂಡು ಯಾವ ಹೊಲದಿಂದ ಬರಬೇಕೆಂಬುದನ್ನೂ ಅಂದಾಜುಪಟ್ಟಿಯಲ್ಲೇ ಬರೆಯಬೇಕಿತ್ತು.